ತಂದೆಯ ಕಾರಿನ ತಂಪು

ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ವಕೀಲರೊಬ್ಬರ ಮನೆಯಿದೆ. ಮನೆಗೆ ತಾಗಿದ ಶೆಡ್ಡಿನಲ್ಲಿ 1990ರ ಒಂದು ಕಾಂಟೆಸ್ಸಾ ಕಾರು. ಕಾರಿನ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು ಒಂದರ ಕೆಳಗೊಂದು ಸಾಲಾಗಿವೆ. ಮೊದಲ ಸಲ ಬಂದವರು ಅದನ್ನು ಹಾಲಿನ ಲೆಕ್ಕವೆಂದೋ ಪೆಟ್ರೋಲಿನ ಲೆಕ್ಕವೆಂದೋ ತಿಳಿಯುವುದುಂಟು. ಎರಡೂ ಅಲ್ಲ. ಮೂಲೆಯಲ್ಲಿ ಗೋಣಿಚೀಲ ಹೊದ್ದು ಕುಳಿತಿರುವ, ಬಿಳಿ ಬಣ್ಣ ಮಾಸಿದ ಸಿಲಿಂಡರೊಂದರ ತೂಕದ ಲೆಕ್ಕ ಅದು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ, ಕಾರಿಗೆ ಹಾರ ಹಾಕುವ ಮೊದಲು, ಆ ಸಿಲಿಂಡರನ್ನು ತೂಗಿ ಅಂಕಿ ಬರೆಯುತ್ತಾರೆ. ಬಳಸುವುದಿಲ್ಲ, ಮಾರುವುದಿಲ್ಲ, ಎಸೆಯುವುದೂ ಇಲ್ಲ. ಇದು ಹೇಗೆ ಆ ಮನೆಯ ಪದ್ಧತಿಯಾಯಿತು ಎಂಬುದನ್ನು ಕಾರಿನಿಂದಲೇ ಆರಂಭಿಸಿ ಹೇಳಬೇಕು.

ಕಾರನ್ನು ಕೊಂಡವರು ವಕೀಲರ ತಂದೆ. ಹತ್ತಿ ವ್ಯಾಪಾರಿ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ಹಳೆಯ ಮಾದರಿಯೊಂದನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ತಯಾರಿಸುತ್ತಿದ್ದ ಕಾಂಟೆಸ್ಸಾ, ಜಪಾನಿನ ಇಸುಜು ಎಂಜಿನ್ ಹೊಂದಿದ ಮೇಲೆ ಆ ಕಾಲದ ದೊಡ್ಡವರ ಕಾರು ಎನಿಸಿಕೊಂಡಿತ್ತು. ಅದರಲ್ಲೂ ಎ.ಸಿ. ಇರುವ ಕಾರು ಅವರ ಬೀದಿಯಲ್ಲಿ ಅದೊಂದೇ. ಬೇಸಿಗೆ ರಜೆಯಲ್ಲಿ ಮನೆಗೆ ಬಂದ ನೆಂಟರ ಮಕ್ಕಳನ್ನೆಲ್ಲ ಹಿಂದೆ ತುಂಬಿಕೊಂಡು, ಗಾಜು ಏರಿಸಿ, ಹರಿಹರದ ಸೇತುವೆಯವರೆಗೆ ಒಂದು ಸುತ್ತು ಹೊಡೆಸುವುದು ಹಿರಿಯರಿಗೆ ಬಲು ಇಷ್ಟ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೊಣಕಾಲಿಗೆ ತಾಗುವ ಆ ತಣ್ಣನೆಯ ಗಾಳಿಗೆ ಮಕ್ಕಳು ಕಿರುಚುತ್ತಿದ್ದರು. ಹಿರಿಯರು ಮುಂದಿನ ಸೀಟಿನಲ್ಲಿ ಶಲ್ಯವನ್ನು ಕತ್ತಿನ ಸುತ್ತ ಹೊದ್ದು, ‘ಊಟಿ ಬಂತು ನೋಡ್ರಲೇ’ ಎನ್ನುತ್ತಿದ್ದರು.

ಒಂದೆರಡು ಬೇಸಿಗೆ ಕಳೆಯುವುದರೊಳಗೆ ತಂಪು ಕಡಿಮೆಯಾಗುತ್ತಿತ್ತು. ಯುಗಾದಿಯ ಹೊತ್ತಿಗೆ ಕಾರನ್ನು ಮೆಕ್ಯಾನಿಕ್ಕನ ಬಳಿ ಬಿಟ್ಟರೆ ಅವನು ‘ಗ್ಯಾಸ್’ ತುಂಬಿಸಿ ಕೊಡುತ್ತಿದ್ದ. ಎಂಜಿನ್ ಆಯಿಲ್ ಬದಲಾಯಿಸಿದಷ್ಟೇ ಸಾಮಾನ್ಯವಾದ ಕೆಲಸ ಅದು. ಹಳೆಯ ಗ್ಯಾಸ್ ಏನಾಯಿತು ಎಂದು ಯಾರೂ ಕೇಳಲಿಲ್ಲ. ಖಾಲಿಯಾಯಿತು, ಅಷ್ಟೆ.

ಕಾರಿನ ಎ.ಸಿ. ತಂಪನ್ನು ‘ತಯಾರಿಸುವುದಿಲ್ಲ’ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಅದು ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಕಸಿದುಕೊಂಡು ಹೋಗುತ್ತದಲ್ಲ, ಅದೇ ತತ್ತ್ವ. ಆದರೆ ಹೂಜಿಯಿಂದ ಹೋದ ನೀರು ಮರಳಿ ಬರುವುದಿಲ್ಲ. ಎ.ಸಿ.ಯಲ್ಲಿ ಆವಿಯಾದ ದ್ರವವನ್ನು ಹಿಡಿದು, ಕಂಪ್ರೆಸರಿನಲ್ಲಿ ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದರ ಶಾಖವನ್ನು ಹೊರಗಾಳಿಗೆ ಬಿಟ್ಟು, ಮತ್ತೆ ದ್ರವವಾಗಿಸಿ, ಸಣ್ಣ ರಂಧ್ರವೊಂದರ ಮೂಲಕ ಡ್ಯಾಶ್‌ಬೋರ್ಡಿನ ಒಳಗಿನ ಕಾಯಿಲಿಗೆ ಬಿಡುತ್ತಾರೆ. ಅಲ್ಲಿ ಅದು ಮತ್ತೆ ಆವಿಯಾಗುತ್ತದೆ. ಹೀಗೆ ಸುತ್ತುತ್ತಲೇ ಇರುವ ವಸ್ತುವಿಗೆ ಶೈತ್ಯಕ ಎಂದು ಹೆಸರು. ಗ್ಯಾರೇಜಿನ ಭಾಷೆಯಲ್ಲಿ ಬರೀ ಗ್ಯಾಸ್.

ಹಿರಿಯರ ಕಾರಿನಲ್ಲಿದ್ದದ್ದು ಆರ್-12. ಒಂದು ಇಂಗಾಲ, ಎರಡು ಕ್ಲೋರಿನ್, ಎರಡು ಫ್ಲೋರಿನ್ ಪರಮಾಣುಗಳು ಸೇರಿದ ಅಣು. ಇದರ ಹುಟ್ಟಿನ ಕಥೆ ಕೇಳುವಂಥದ್ದು. 1920ರ ದಶಕದಲ್ಲಿ ಫ್ರಿಜ್ಜುಗಳಲ್ಲಿ ಅಮೋನಿಯಾ, ಗಂಧಕದ ಡೈ ಆಕ್ಸೈಡ್, ಮೀಥೈಲ್ ಕ್ಲೋರೈಡುಗಳನ್ನು ಬಳಸುತ್ತಿದ್ದರು. ರಾತ್ರಿ ಅವು ಸೋರಿದರೆ ಮಲಗಿದವರು ಏಳುತ್ತಿರಲಿಲ್ಲ. ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು 1928ರಲ್ಲಿ ವಿಷವಲ್ಲದ, ಹೊತ್ತಿಕೊಳ್ಳದ ಹೊಸ ಶೈತ್ಯಕವನ್ನು ರೂಪಿಸಿದರು. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯೊಂದರಲ್ಲಿ ಮಿಜ್ಲಿ ಆ ಅನಿಲವನ್ನು ಬಾಯಿ ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದ ಬತ್ತಿಯ ಮೇಲೆ ಊದಿದರು. ಬತ್ತಿ ಆರಿತು, ಮಿಜ್ಲಿ ನಿಂತೇ ಇದ್ದರು. ಸಭೆಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಹನೀಯರದು. ಎರಡು ಸಲ ಜಗತ್ತಿಗೆ ಉಪಕಾರ ಮಾಡಲು ಹೊರಟು ಎರಡು ಸಲವೂ ಲೆಕ್ಕ ತಪ್ಪಿದ ಮನುಷ್ಯ. ಆದರೆ ಆಗ ಗೊತ್ತಿದ್ದ ವಿಜ್ಞಾನದಲ್ಲಿ ಆರ್-12ರ ತಪ್ಪನ್ನು ಯಾರೂ ಕಾಣುವಂತಿರಲಿಲ್ಲ ಎಂಬುದನ್ನೂ ಹೇಳಬೇಕು. ಯಾವುದರೊಂದಿಗೂ ಬೆರೆಯದ, ಕೊಳೆಯದ ಸಾಧು ಅಣು ಅದು. ಆ ಸಾಧುತನವೇ ಮುಂದೆ ಕೆಡುಕಾಯಿತು. ಕೆಳಗಿನ ಗಾಳಿಯಲ್ಲಿ ಅದನ್ನು ಒಡೆಯುವಂಥದ್ದು ಯಾವುದೂ ಇಲ್ಲವಾದ್ದರಿಂದ ಅದು ಹಾಗೆಯೇ ಉಳಿದು ಸ್ತರಗೋಲಕ್ಕೆ ಏರುತ್ತದೆ. ಅಲ್ಲಿ ಸೂರ್ಯನ ಅತಿನೇರಳೆ ಕಿರಣ ಅದನ್ನು ಸೀಳಿದಾಗ ಕ್ಲೋರಿನ್ ಬಿಡುಗಡೆಯಾಗಿ ಓಝೋನನ್ನು ತಿನ್ನತೊಡಗುತ್ತದೆ. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಇದನ್ನು ಕಾಗದದ ಮೇಲೆ ತೋರಿಸಿದರು. 1985ರಲ್ಲಿ ಬ್ರಿಟನ್ನಿನ ಮೂವರು ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ತೀರ ತೆಳುವಾಗಿರುವುದನ್ನು ಅಳೆದು ತೋರಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ ಅದನ್ನು ಸೇರಿದ್ದು 1992ರಲ್ಲಿ. ಹಿರಿಯರ ಕಾರು ಅದಕ್ಕೆ ಎರಡು ವರ್ಷ ಹಿರಿಯದು.

2004ರಲ್ಲಿ ಕಾರಿನ ಎ.ಸಿ. ಕೈಕೊಟ್ಟಿತು. ಬೆಂಗಳೂರಿನ ಗ್ಯಾರೇಜೊಂದರವರು, ‘ಹಳೇ ಗ್ಯಾಸು ಇನ್ನು ಸಿಗೋದಿಲ್ಲ, ಹೊಸ ಗ್ಯಾಸಿಗೆ ಬದಲಾಯಿಸ್ತೀವಿ’ ಎಂದು ಒಂದೇ ಮಧ್ಯಾಹ್ನದಲ್ಲಿ ಆರ್-134ಎ ತುಂಬಿ ಕಳಿಸಿದರು. ಈ ಹೊಸ ಅಣುವಿನಲ್ಲಿ ಕ್ಲೋರಿನ್ ಇಲ್ಲ, ಓಝೋನಿಗೆ ಅಪಾಯವಿಲ್ಲ. ಅಲ್ಲಿಯವರೆಗೆ ಸರಿ. ಆದರೆ ಕಾರು ಹಿರಿಯೂರು ದಾಟುವುದರೊಳಗೆ ಹಿರಿಯರು ಶಲ್ಯದಿಂದ ಮುಖ ಒರೆಸಿಕೊಳ್ಳತೊಡಗಿದ್ದರು. ಓಡುವಾಗ ಅಷ್ಟೋ ಇಷ್ಟೋ ತಂಪು, ರೈಲ್ವೆ ಗೇಟಿನಲ್ಲಿ ನಿಂತರೆ ಬಿಸಿಗಾಳಿ. ‘ಇದು ಎ.ಸಿ. ಅಲ್ಲ, ಫ್ಯಾನು’ ಎಂದು ಅವರು ಸ್ವಿಚ್ಚು ಆರಿಸಿ ಗಾಜು ಇಳಿಸಿದರು. ಆಮೇಲೆ ಅದನ್ನು ಹಾಕಲೇ ಇಲ್ಲ. 2006ರಲ್ಲಿ ತೀರಿಕೊಂಡರು.

ತಂದೆ ಹೋದ ಮೇಲೆ ಮಗನಿಗೆ ಕಾರಿನ ಮೇಲೆ ಮೋಹ ಹೆಚ್ಚಾದದ್ದು ಸಹಜ. ಹೊಸ ಕಾರು ಕೊಂಡರೂ ಇದನ್ನು ಮಾರಲಿಲ್ಲ. ಬಣ್ಣ ಮೊದಲಿನದೇ ಆಗಬೇಕು, ಸೀಟಿನ ಬಟ್ಟೆ ಮೊದಲಿನದೇ ಆಗಬೇಕು, ನಿಂತುಹೋಗಿದ್ದ ಗಡಿಯಾರವೂ ಓಡಬೇಕು. ಒಂದೊಂದಾಗಿ ಎಲ್ಲವೂ ಆಯಿತು. ಉಳಿದದ್ದು ತಂಪು. ಕೋರ್ಟಿನಿಂದ ಬಂದು ಶೆಡ್ಡಿನಲ್ಲಿ ಕಾರಿನೊಳಗೆ ಸುಮ್ಮನೆ ಕೂರುವ ಅಭ್ಯಾಸ ವಕೀಲರಿಗೆ ಆಗಿತ್ತು. ಎಲ್ಲವೂ ಇದೆ, ಮೊಣಕಾಲಿಗೆ ತಾಗುತ್ತಿದ್ದ ಆ ಗಾಳಿ ಮಾತ್ರ ಇಲ್ಲ ಎಂದು ಹೆಂಡತಿಯ ಬಳಿ ಹೇಳಿಕೊಂಡರಂತೆ. 2009ರ ಮಾರ್ಚಿನಲ್ಲಿ ಅವರು ಕಾರನ್ನು ಊರಿನ ಹಳೆಯ ಎ.ಸಿ. ಮೇಸ್ತ್ರಿಯ ಬಳಿಗೆ ಒಯ್ದರು.

ಮೇಸ್ತ್ರಿ ಓದಿದ್ದು ಏಳನೆಯ ತರಗತಿ. ಆದರೆ ಕೈಯಲ್ಲಿ ಮೂವತ್ತು ವರ್ಷದ ವಿದ್ಯೆ. ಬಾನೆಟ್ ಎತ್ತಿ, ಪೈಪುಗಳ ಕೊನೆಯನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿ ನಕ್ಕರು. ‘ಸಾರ್, ಇದನ್ನ ಮಾಡಿದೋರು ಗ್ಯಾಸ್ ಮಾತ್ರ ಬದಲಾಯಿಸ್ಯಾರೆ. ಎಣ್ಣೆ ಹಳೇದೇ ಐತಿ, ಡ್ರೈಯರ್ ಹಳೇದೇ ಐತಿ. ಗಂಡು ಬದಲಾಯ್ತು, ಲಗ್ನಪತ್ರಿಕೆ ಅದೇ ಉಳೀತು.’

ಹಾಸ್ಯವಾಗಿ ಹೇಳಿದರೂ ಅದರಲ್ಲಿ ಪೂರ್ತಿ ವಿಜ್ಞಾನವಿದೆ. ಕಂಪ್ರೆಸರ್ ಸವೆಯದಿರಲು ಗ್ಯಾಸಿನ ಜೊತೆಗೆ ಎಣ್ಣೆಯೂ ಸುತ್ತುತ್ತಿರಬೇಕು. ಆರ್-12ರಲ್ಲಿ ಖನಿಜ ತೈಲ ಸಲೀಸಾಗಿ ಕರಗಿ ಅದರೊಂದಿಗೆ ತಿರುಗಿ ಬರುತ್ತದೆ. ಆರ್-134ಎಯಲ್ಲಿ ಅದು ಕರಗುವುದಿಲ್ಲ. ಕಾಯಿಲಿನ ತಗ್ಗಿನಲ್ಲಿ ನಿಂತು ಶಾಖ ದಾಟದಂತೆ ಪೊರೆ ಕಟ್ಟುತ್ತದೆ, ಇತ್ತ ಕಂಪ್ರೆಸರ್ ಎಣ್ಣೆಯಿಲ್ಲದೆ ಒಣಗುತ್ತದೆ. ಇನ್ನೊಂದು ಕಾರಣ ಒತ್ತಡದ್ದು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್-12ರ ಒತ್ತಡ ಸುಮಾರು 3.1 ಬಾರ್, ಆರ್-134ಎಯದು 2.9, ಹೊಸದು ಒಂದಿಷ್ಟು ಕಡಿಮೆಯೇ. ಆದರೆ ಬೇಸಿಗೆಯ ಸಿಗ್ನಲ್ಲಿನಲ್ಲಿ ನಿಂತ ಕಾರಿನ ಕಂಡೆನ್ಸರಿನಂತೆ 60 ಡಿಗ್ರಿಗೆ ಕಾದರೆ ಆರ್-12 ಸುಮಾರು 15.2 ಬಾರ್‌ಗೆ ಏರುತ್ತದೆ, ಆರ್-134ಎ 16.8ಕ್ಕೆ. ಕೆಳಗಿನಿಂದ ಮೇಲಕ್ಕೆ ಹೊಸದನ್ನು ಹೆಚ್ಚು ದೂರ ಎತ್ತಬೇಕು. ಆರ್-12ಕ್ಕೆಂದು ಮಾಡಿದ ಹಳೆಯ ಕಂಡೆನ್ಸರಿಗೆ ಅಷ್ಟು ಶಾಖವನ್ನು ಹೊರಹಾಕುವ ಮೈ ಇರಲಿಲ್ಲ. ರೈಲ್ವೆ ಗೇಟಿನಲ್ಲಿ ಬಿಸಿಗಾಳಿ ಬಂದದ್ದು ಇದರಿಂದಲೇ.

‘ಮೊದಲಿನ ಗ್ಯಾಸಿಗೇ ತಿರುಗಿ ಹೋಗೋಕೆ ಆಗುತ್ತಾ?’ ಎಂದರು ವಕೀಲರು.

ಮೇಸ್ತ್ರಿ ಒಳಗೆ ಹೋಗಿ ಒಂದು ಬಿಳಿ ಸಿಲಿಂಡರನ್ನು ಹೊತ್ತು ತಂದರು. ಭಾರತದ ಕಾರ್ಖಾನೆಗಳು ಸಿ.ಎಫ್.ಸಿ. ತಯಾರಿಕೆಯನ್ನು 2008ರ ಆಗಸ್ಟ್ 1ರಂದು ನಿಲ್ಲಿಸಿದ್ದವು. ಇದು ಅದಕ್ಕೂ ಮೊದಲು ಕೊಂಡಿಟ್ಟದ್ದು. ಸುಮಾರು ಐದು ಕಿಲೋ ಉಳಿದಿತ್ತು. ‘ನನ್ನ ಹತ್ರ ಇರೋದು ಇದೊಂದೇ. ನಿಮ್ಮ ತಂದೆ ಕಾರು ಅಂತ ಹಾಕ್ತೀನಿ’ ಎಂದರು.

ಎರಡು ದಿನದ ಕೆಲಸ. ವಕೀಲರ ಮಗಳು ಆಗ ಎಂಟನೆಯ ತರಗತಿಯ ಪರೀಕ್ಷೆ ಮುಗಿಸಿದ್ದಳು. ರಜೆಯಾದ್ದರಿಂದ ಅಪ್ಪನ ಜೊತೆ ಬಂದು ಎಣ್ಣೆ ಡಬ್ಬಿಯ ಮೇಲೆ ಕುಳಿತು ನೋಡಿದಳು. ಮೇಸ್ತ್ರಿ ಒಳಗಿದ್ದ ಆರ್-134ಎಯನ್ನು ಬೇರೆ ಸಿಲಿಂಡರಿಗೆ ಎಳೆದುಕೊಂಡರು. ಬೆಂಗಳೂರಿನವರು ಹೊಸ ಗ್ಯಾಸಿಗಾಗಿ ತಿರುಪಿದ್ದ ಜೋಡಣೆಗಳನ್ನು ಬಿಚ್ಚಿದಾಗ ಕೆಳಗೆ ಮೂಲದ ಮರೆ ಹಾಗೆಯೇ ಇತ್ತು. ಎರಡು ಗ್ಯಾಸುಗಳು ಕೈತಪ್ಪಿ ಬೆರೆಯದಿರಲೆಂದು ಎರಡಕ್ಕೂ ಬೇರೆ ಬೇರೆ ಬಾಯಿ ಇಟ್ಟಿರುತ್ತಾರೆ. ಕೊಳೆತ ಎಣ್ಣೆಯನ್ನು ತೊಳೆದು, ಒಣ ನೈಟ್ರೋಜನ್ ಊದಿ, ಹೊಸ ಖನಿಜ ತೈಲ ಅಳೆದು ಹಾಕಿ, ಡ್ರೈಯರ್ ಬದಲಾಯಿಸಿದರು. ಆಮೇಲೆ ವ್ಯಾಕ್ಯೂಮ್ ಪಂಪು. ಗಾಳಿಯನ್ನು ತೆಗೆಯಲು ಮಾತ್ರವಲ್ಲ, ಒಳಗಿನ ತೇವವನ್ನು ತೆಗೆಯಲು. ಒತ್ತಡ ಸಾಕಷ್ಟು ಇಳಿದರೆ ನೀರು ಕೊಠಡಿಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೋಗುತ್ತದೆ. ಬೆಟ್ಟದ ಮೇಲೆ ಬೇಳೆ ಬೇಯದಿರಲು ಇರುವ ಕಾರಣವೇ ಇಲ್ಲಿಯೂ. ಮುಕ್ಕಾಲು ಗಂಟೆ ಪಂಪು ಓಡಿತು. ಅರ್ಧ ಗಂಟೆ ಕಾದರೂ ಗೇಜಿನ ಮುಳ್ಳು ಅಲುಗಲಿಲ್ಲ.

ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ವಾಲ್ವು ತೆರೆದರು. ಡ್ರೈಯರಿನ ಮೇಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಮೊದಲು ಹಾಲಿನಂಥ ನೊರೆ, ಆಮೇಲೆ ಗುಳ್ಳೆ, ಆಮೇಲೆ ಒಂದೂ ಗುಳ್ಳೆಯಿಲ್ಲದ ತಿಳಿ. 900 ಗ್ರಾಂ ಹೋಗಿತ್ತು. ಹೊರಗೆ 38 ಡಿಗ್ರಿ ಬಿಸಿಲು. ಗಾಳಿ ಬರುವ ಬಾಯಿಗೆ ಸಿಕ್ಕಿಸಿದ ಥರ್ಮಾಮೀಟರು 17ರಿಂದ ಇಳಿಯುತ್ತ 6ಕ್ಕೆ ಬಂದು ನಿಂತಿತು. ಆ ಸಂಜೆ ವಕೀಲರು ತಮ್ಮ ತಾಯಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹರಿಹರದ ಸೇತುವೆಯವರೆಗೆ ಹೋಗಿಬಂದರು. ಅಜ್ಜಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯ ಮುಂದೆ ಇಳಿಯುವಾಗ ‘ಅವರು ಇದ್ದಾಗಿನ ಹಂಗೇ ಐತಿ’ ಎಂದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು.

2010ರ ಏಪ್ರಿಲಿನಲ್ಲಿ ಎ.ಸಿ. ಹಾಕಿದರೆ ಬಿಸಿಗಾಳಿ. ಗೇಜಿನಲ್ಲಿ ಗ್ಯಾಸು ಹೆಸರಿಗಷ್ಟೇ ಇತ್ತು. ಮೇಸ್ತ್ರಿ ಸೋರುವ ಜಾಗ ಹುಡುಕಲು ತಮ್ಮ ಹಳೆಯ ಹ್ಯಾಲೈಡ್ ಲ್ಯಾಂಪನ್ನು ತೆಗೆದರು. ತಾಮ್ರದ ತುಣುಕಿನ ಮೇಲೆ ಉರಿಯುವ ಸಣ್ಣ ಜ್ವಾಲೆ, ಅದಕ್ಕೆ ಗಾಳಿ ಎಳೆದುಕೊಡುವ ಒಂದು ರಬ್ಬರ್ ಕೊಳವೆ. ಕೊಳವೆಯ ತುದಿಯನ್ನು ಕೀಲು ಕೀಲಿಗೆ ಹಿಡಿಯುತ್ತ ಹೋದರು. ಜ್ವಾಲೆ ನೀಲಿಯಾಗಿಯೇ ಇತ್ತು. ಕಂಪ್ರೆಸರಿನಿಂದ ಬರುವ ರಬ್ಬರ್ ಹೋಸಿನ ಕಂಠದ ಬಳಿ ಬಂದಾಗ ಅದು ಒಮ್ಮೆಲೇ ಹಸಿರಾಯಿತು. ಎಳೆಯ ಬಾಳೆ ಎಲೆಯ ಹಸಿರು. (ಈ ಪ್ರಯೋಗವನ್ನು ಯಾರೂ ಮನೆಯಲ್ಲಿ ಮಾಡಬಾರದು; ಹಾಗೆ ಉರಿದಾಗ ಬರುವ ಹೊಗೆ ವಿಷ.)

‘ಯಾಕೆ ಹಸಿರಾಯ್ತು ಅಂಕಲ್?’ ಎಂದಳು ಹುಡುಗಿ.

‘ಗ್ಯಾಸ್ ಅಲ್ಲಿ ಸೋರ್ತೈತಿ ಅಂತ ಅರ್ಥ ನೋಡಮ್ಮಾ.’

‘ಅದಲ್ಲ, ಹಸಿರೇ ಯಾಕೆ?’

ಮೇಸ್ತ್ರಿಗೆ ಕಾರಣ ಗೊತ್ತಿರಲಿಲ್ಲ. ಹುಡುಗಿ ಶಾಲೆಯ ಮೇಡಂ ಅವರನ್ನು ಕೇಳಿ ಬಂದಳು. ಕ್ಲೋರಿನ್ ಇರುವ ವಸ್ತು ಕಾದ ತಾಮ್ರಕ್ಕೆ ತಾಗಿದರೆ ತಾಮ್ರದ ಕ್ಲೋರೈಡ್ ಉಂಟಾಗಿ ಜ್ವಾಲೆ ಹಸಿರಾಗುತ್ತದೆ. ಅಂದರೆ ಅವಳು ಕಂಡದ್ದು ಗ್ಯಾಸನ್ನಲ್ಲ, ಕ್ಲೋರಿನ್ನನ್ನು. ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ಆ ಕಂಠದಿಂದ ಹೋಗುತ್ತಿದ್ದದ್ದು ಅದು. ರಾತ್ರಿ ಊಟಕ್ಕೆ ಕೂತಾಗ ಅವಳು ರಫ್ ನೋಟ್‌ಬುಕ್ಕಿನ ಹಾಳೆಯೊಂದನ್ನು ತಟ್ಟೆಯ ಪಕ್ಕದಲ್ಲಿಟ್ಟಳು. ಇಂಗಾಲ 12, ಎರಡು ಕ್ಲೋರಿನ್ 71, ಎರಡು ಫ್ಲೋರಿನ್ 38, ಒಟ್ಟು 121. ಹೋದ ವರ್ಷ ತುಂಬಿದ್ದು 900 ಗ್ರಾಂ. ಅದರಲ್ಲಿ ಕ್ಲೋರಿನ್ನಿನ ಪಾಲು 528 ಗ್ರಾಂ. ಪರಮಾಣುಗಳ ಲೆಕ್ಕದಲ್ಲಿ 9ರ ಮುಂದೆ 24 ಸೊನ್ನೆ. ಒಂದೊಂದು ಕ್ಲೋರಿನ್ ಪರಮಾಣು ಲಕ್ಷದವರೆಗೆ ಓಝೋನ್ ಅಣುಗಳನ್ನು ಹಾಳುಮಾಡಬಲ್ಲದು ಎಂದು ಪಠ್ಯಗಳು ಹೇಳುತ್ತವೆ.

‘ಅಪ್ಪಾಜಿ, ಅಜ್ಜಿಗೆ ತಂಪಾಗಿದ್ದು ಎಷ್ಟು ದಿನ?’

ವಕೀಲರು ಅಷ್ಟು ಸುಲಭವಾಗಿ ಸೋಲುವವರಲ್ಲ. ಪಾಟೀಸವಾಲಿಗೆ ಇಳಿದರು. ಈ ಗ್ಯಾಸು ಗಾಳಿಗಿಂತ ನಾಲ್ಕು ಪಟ್ಟು ಭಾರ, ಅದು ಮೇಲಕ್ಕೆ ಹೇಗೆ ಹೋದೀತು? ಹುಡುಗಿ ಎರಡು ದಿನ ಬಿಟ್ಟು ಉತ್ತರ ತಂದಳು. ಭಾರದ ಪ್ರಕಾರವೇ ಅನಿಲಗಳು ಪದರಗಟ್ಟುವುದಾದರೆ ಗಾಳಿಗಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ನೆಲದ ಮೇಲೆ ಹಾಸಿಕೊಂಡು ನಾವೆಲ್ಲ ಉಸಿರುಕಟ್ಟಿ ಸಾಯಬೇಕಿತ್ತು. ಗಾಳಿ ಎಲ್ಲವನ್ನೂ ಕಲಕುತ್ತದೆ. ಸರಿ, ಹಾಗಿದ್ದರೆ ದಾವಣಗೆರೆಯಲ್ಲಿ ಸೋರಿದರೆ ತೂತು ಅಂಟಾರ್ಕ್ಟಿಕದಲ್ಲಿ ಯಾಕೆ? ಅಲ್ಲಿನ ಚಳಿಗಾಲದ ಕಡುಚಳಿಯಲ್ಲಿ, ಸ್ತರಗೋಲದ ಎತ್ತರದಲ್ಲಿ ಮಂಜಿನ ಮೋಡಗಳು ಕಟ್ಟುತ್ತವೆ. ಆ ಕಣಗಳ ಮೇಲೆ ಕ್ಲೋರಿನ್ ಸಕ್ರಿಯ ರೂಪಕ್ಕೆ ಬಂದು ಕಾದಿರುತ್ತದೆ. ಸೆಪ್ಟೆಂಬರಿನಲ್ಲಿ ಸೂರ್ಯ ಮರಳಿದ ಕೂಡಲೇ ಕೆಲಸ ಶುರು. ಯಾರ ಊರಿನ ಕ್ಲೋರಿನ್ ಎಂದು ಅದು ನೋಡುವುದಿಲ್ಲ.

ಕೊನೆಯದು ವಕೀಲರ ಗಟ್ಟಿ ವಾದ. ಸಿಲಿಂಡರಿನಲ್ಲಿರುವ ಗ್ಯಾಸು ಎಂದೋ ತಯಾರಾಗಿ ಬಿಟ್ಟಿದೆ. ನಾನು ಬಳಸಿದರೂ ಬಿಟ್ಟರೂ ಅದು ಇದ್ದೇ ಇದೆ. ಅಮೆರಿಕದಲ್ಲಿ ಹೊಸ ಆರ್-12ರ ತಯಾರಿಕೆ 1995ರ ಕೊನೆಗೇ ನಿಂತರೂ, ಉಳಿದ ದಾಸ್ತಾನನ್ನು ತರಬೇತಾದ ಮೆಕ್ಯಾನಿಕ್ಕರು ಹಳೆಯ ಕಾರುಗಳಿಗೆ ತುಂಬಬಹುದು, ಹಳೆಯ ಕಾರಿನ ಪ್ರೇಮಿಗಳು ತುಂಬಿಸಿಕೊಳ್ಳುತ್ತಲೇ ಇದ್ದಾರೆ. ಹೋಸೊಂದನ್ನು ಬದಲಾಯಿಸಿ ಇನ್ನು 900 ಗ್ರಾಂ ಹಾಕಿದರೆ ಏನು ಮಹಾ? ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಒಂದು ತೊಟ್ಟೂ ಸೋರದಂತೆ ಕಾಪಾಡಿದ ಹಳೆಯ ಎ.ಸಿ.ಯಿಂದ ಆಕಾಶಕ್ಕೆ ಹಾನಿಯಿಲ್ಲ. ಆದರೆ ಕಾರಿನ ಎ.ಸಿ. ಮನೆಯ ಫ್ರಿಜ್ಜಿನಂತೆ ಬೆಸುಗೆ ಹಾಕಿ ಮುಚ್ಚಿದ ಪೆಟ್ಟಿಗೆಯಲ್ಲ. ಎಂಜಿನ್ನಿನ ಜೊತೆ ಅಲುಗುವ ರಬ್ಬರ್ ಹೋಸು, ತಿರುಗುವ ಅಚ್ಚಿನ ಸುತ್ತ ಒಂದು ಸೀಲು, ಹತ್ತಾರು ರಬ್ಬರ್ ಉಂಗುರಗಳು. ಮುಕ್ಕಾಲು ಗಂಟೆಯ ವ್ಯಾಕ್ಯೂಮ್ ಪರೀಕ್ಷೆಯಲ್ಲಿ ಪಾಸಾದ ಹೋಸೇ ವರ್ಷದಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟಿತ್ತಲ್ಲ. ಅದಕ್ಕಿಂತ ಮಿಗಿಲಾಗಿ, ಆರ್-12 ವಾತಾವರಣದಲ್ಲಿ ಬಾಳುವುದು ಸರಾಸರಿ ನೂರು ವರ್ಷ. 2009ರಲ್ಲಿ ಹೋದದ್ದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು 2109ರಲ್ಲೂ ಉಳಿದಿರುತ್ತದೆ. ಹುಡುಗಿ ಇದನ್ನು ಹೇಳಿದಾಗ ವಕೀಲರು ಎದ್ದು ಶೆಡ್ಡಿಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಮರುದಿನ ಮೇಸ್ತ್ರಿಗೆ ಹೇಳಿದರು, ‘ಹೊಸ ಗ್ಯಾಸೇ ಹಾಕ್ರಿ. ಆದ್ರೆ ಸರಿಯಾಗಿ ಹಾಕ್ರಿ.’

ಸರಿಯಾಗಿ ಹಾಕುವುದೆಂದರೆ ಹಳೆಯ ಗ್ಯಾಸು ತುಂಬಿಸುವ ಖರ್ಚಿನ ಏಳೆಂಟು ಪಟ್ಟು. ಕಂಡೆನ್ಸರ್ ಹೊಸದು, ಸಣ್ಣ ಸಮಾನಾಂತರ ನಾಳಗಳದ್ದು, ಅದೇ ಅಗಲದಲ್ಲಿ ಹೆಚ್ಚು ಶಾಖ ಬಿಡುವಂಥದ್ದು. ಅದರ ಮುಂದೆ ಇನ್ನೊಂದು ವಿದ್ಯುತ್ ಫ್ಯಾನು, ನಿಂತ ಕಾರಿಗೂ ಗಾಳಿ ಸಿಗಲೆಂದು. ಆರ್-134ಎಯ ಅಣು ಚಿಕ್ಕದು, ಹಳೆಯ ರಬ್ಬರಿನಲ್ಲಿ ಇನ್ನೂ ಬೇಗ ನುಸುಳುತ್ತದೆ. ಆದ್ದರಿಂದ ಒಳಗೆ ನೈಲಾನ್ ಪೊರೆಯಿರುವ ಹೋಸುಗಳು. ಉಂಗುರಗಳೆಲ್ಲ ಹೊಸವು. ಡ್ರೈಯರಿನ ತೇವ ಹೀರುವ ಕಾಳುಗಳೂ ಹೊಸ ಗ್ಯಾಸಿಗೆ ಹೊಂದುವ ಜಾತಿಯವು. ಖನಿಜ ತೈಲವನ್ನು ತೊಳೆದು ತೆಗೆದು ಎಸ್ಟರ್ ಎಣ್ಣೆ. ಗ್ಯಾಸನ್ನು ಗಾಜಿನ ಕಿಂಡಿ ನೋಡಿ ತುಂಬುವಂತಿಲ್ಲ, ಅಲ್ಲಿ ಕಾಣುವ ಗುಳ್ಳೆ ಈ ಗ್ಯಾಸಿನ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ತೂಗಿಯೇ ಹಾಕಬೇಕು, ಅದೂ ಹಳೆಯದಕ್ಕಿಂತ ಕಡಿಮೆ. ಮೇಸ್ತ್ರಿ 740 ಗ್ರಾಂ ಹಾಕಿದರು. ಥರ್ಮಾಮೀಟರು 9ಕ್ಕೆ ನಿಂತಿತು. 6 ಅಲ್ಲ, 9. ಅಜ್ಜಿಯನ್ನು ಮತ್ತೆ ಹರಿಹರಕ್ಕೆ ಕರೆದುಕೊಂಡು ಹೋದರು. ‘ಚಲೋ ಐತಿ’ ಎಂದರು, ಸೆರಗನ್ನು ಕಿವಿಗೆ ಎಳೆದುಕೊಳ್ಳಲಿಲ್ಲ. ವಕೀಲರು ಅದನ್ನು ಗಮನಿಸಿದರು.

ಹಳೆಯ ಕಾರು ಇಟ್ಟುಕೊಂಡಿರುವ ಪಾಲಕರು ಇಲ್ಲೊಂದು ಮಾತು ಕೇಳಿಸಿಕೊಳ್ಳಬೇಕು. ‘ಆರ್-12 ಬದಲಿಗೆ ಇದನ್ನು ಹಾಗೆಯೇ ಸುರಿಯಿರಿ’ ಎಂದು ಅಗ್ಗಕ್ಕೆ ಮಾರುವ ಗ್ಯಾಸುಗಳಲ್ಲಿ ಕೆಲವು ಅಡುಗೆ ಅನಿಲದ ನೆಂಟರು, ಬೆಂಕಿಗೆ ಕಾದಿರುವಂಥವು. ಹೊಸ ಗ್ಯಾಸಿನ ಹೆಸರಿನಲ್ಲೂ ನಕಲಿ ಬಂದಿದೆ. 2011ರಲ್ಲಿ ವಿಯೆಟ್ನಾಮಿನಲ್ಲಿ ರಿಪೇರಿಯಾದ ಕೆಲವು ಹಡಗಿನ ಶೀತಲ ಪೆಟ್ಟಿಗೆಗಳು ಸಿಡಿದು ಮೂವರು ಸತ್ತರು. ಆರ್-134ಎ ಎಂದು ತುಂಬಿದ್ದರಲ್ಲಿ ಮೀಥೈಲ್ ಕ್ಲೋರೈಡ್ ಬೆರೆತಿತ್ತು. ಅದು ಅಲ್ಯೂಮಿನಿಯಂ ಜೊತೆ ವರ್ತಿಸಿದರೆ ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ವಸ್ತು ಹುಟ್ಟುತ್ತದೆ. ಮಿಜ್ಲಿಯವರು ಯಾವ ಅನಿಲವನ್ನು ಮನೆಯಿಂದ ಓಡಿಸಲು ಹೊರಟಿದ್ದರೋ ಅದೇ ಹಿಂಬಾಗಿಲಿನಿಂದ ಬಂದಿತ್ತು.

ಇನ್ನು ಆರ್-134ಎ ನಿರಪರಾಧಿಯೇ? ಅಲ್ಲ. ಓಝೋನಿಗೆ ಅದು ತೊಂದರೆ ಕೊಡದಿದ್ದರೂ ಭೂಮಿಯನ್ನು ಕಾಯಿಸುವುದರಲ್ಲಿ ಒಂದು ಕಿಲೋ ಸುಮಾರು 1,430 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಆರ್-12 ಇದರಲ್ಲೂ ಮುಂದು, ಸುಮಾರು 10,900. ಹೊಸದರ ತಯಾರಿಕೆಯನ್ನೂ ಹಂತಹಂತವಾಗಿ ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ಒಪ್ಪಂದವಾಗಿದೆ, ಭಾರತ ಅದನ್ನು 2021ರಲ್ಲಿ ಅನುಮೋದಿಸಿದೆ. ಹುಡುಗಿ ಕಾಲೇಜಿಗೆ ಹೋದ ಮೇಲೆ ಈ ಅಂಕಿಗಳನ್ನು ಅಪ್ಪನಿಗೆ ತಾನಾಗಿಯೇ ಹೇಳಿದಳು. ‘ಹಂಗಾರೆ ನೀನು ಅವತ್ತು ಅರ್ಧ ಕೇಸು ಮಾತ್ರ ನಡೆಸಿದ್ದೆ’ ಎಂದು ವಕೀಲರು ನಕ್ಕರಂತೆ. ಅಷ್ಟು ಹೊತ್ತಿಗೆ ಇನ್ನೊಂದು ಸುದ್ದಿಯೂ ಬರತೊಡಗಿತ್ತು. ಓಝೋನ್ ಪದರ ನಿಧಾನವಾಗಿ ಮಾಗುತ್ತಿದೆ. 2023ರ ಜನವರಿಯಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಅಂದಾಜಿನ ಪ್ರಕಾರ, ಎಲ್ಲ ದೇಶಗಳೂ ಮಾತಿಗೆ ತಪ್ಪದಿದ್ದರೆ ಜಗತ್ತಿನ ಬಹುಭಾಗದಲ್ಲಿ 2040ರ ಸುಮಾರಿಗೆ, ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ, ಅದು 1980ರ ಮಟ್ಟಕ್ಕೆ ಮರಳಬೇಕು.

ಸಿಲಿಂಡರು ಮೇಸ್ತ್ರಿಯ ಬಳಿಯೇ ಇತ್ತು. 2015ರಲ್ಲಿ ಬೆಂಗಳೂರಿನಿಂದ ಹಳೆಯ ಕಾರುಗಳ ಸಂಗ್ರಾಹಕರೊಬ್ಬರು ಅದನ್ನು ಹುಡುಕಿಕೊಂಡು ಬಂದರು. ಅವರಿಗೂ ತಮ್ಮ ಕಾರು ಮೂಲದಂತೆಯೇ ಇರಬೇಕೆಂಬ ಆಸೆ. ಕೇಳಿದಷ್ಟು ಕೊಡುವವರು. ಮೇಸ್ತ್ರಿಯ ಮಗನಿಗೆ ಆ ವರ್ಷ ಎಂಜಿನಿಯರಿಂಗ್ ಕಾಲೇಜಿನ ಫೀಸು ಕಟ್ಟಬೇಕಿತ್ತು. ಆದರೂ ಮಾರುವ ಮೊದಲು ವಕೀಲರ ಮನೆಗೆ ಬಂದು ಹೊರಗಿನ ಜಗಲಿಯ ಮೇಲೆ ಕುಳಿತು, ‘ಸಾರ್, ಹೇಳದೇ ಮಾರಬಾರದು ಅನ್ನಿಸ್ತು’ ಎಂದರು. ವಕೀಲರು ಒಳಗೆ ಹೋಗಿ ಸಂಗ್ರಾಹಕರು ಹೇಳಿದ್ದ ಹಣವನ್ನೇ ತಂದು ಕೊಟ್ಟರು. ಅಂದು ಸಂಜೆ ಸಿಲಿಂಡರು ಶೆಡ್ಡಿಗೆ ಬಂತು. ಅದನ್ನು ಕೊಂಡು ಏನು ಮಾಡುತ್ತೀರೆಂದು ಹೆಂಡತಿ ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಈ ಗ್ಯಾಸನ್ನು ನಾಶಮಾಡಲು ಅತ್ಯಧಿಕ ಉಷ್ಣತೆಯ ವಿಶೇಷ ಕುಲುಮೆ ಬೇಕು. ಮೇಸ್ತ್ರಿಗೆ ಗೊತ್ತಿದ್ದ ಯಾವ ಅಂಗಡಿಯವರೂ ಅದನ್ನು ವಾಪಸು ಪಡೆಯಲು ಸಿದ್ಧರಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಊರಿಗೆ ಬಂದ ಮಗಳು ಕಿರಾಣಿ ಅಂಗಡಿಯಿಂದ ತಕ್ಕಡಿ ತರಿಸಿ ತೂಗಿದಳು. ಸಿಲಿಂಡರೂ ಸೇರಿ 7 ಕಿಲೋ 140 ಗ್ರಾಂ. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಳು. ಮರುವರ್ಷ ಅಷ್ಟೇ ಇತ್ತು. ಅದರ ಮರುವರ್ಷವೂ. ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಹಬ್ಬಕ್ಕೆ ಬಂದವಳು ಮೊದಲು ಶೆಡ್ಡಿಗೆ ಹೋಗುತ್ತಾಳೆ. ಗೋಡೆಯ ಮೇಲೆ ಒಂದೇ ಅಂಕಿ ಒಂಬತ್ತು ಸಲ ಬಂದಿದೆ.

2024ರ ಆಯುಧಪೂಜೆಯಂದು ತಕ್ಕಡಿ 7 ಕಿಲೋ 105 ಗ್ರಾಂ ತೋರಿಸಿತು. ತಕ್ಕಡಿಯದೇ ದೋಷವಿರಬಹುದೆಂದು ಅರ್ಧ ಕಿಲೋ ಬೊಟ್ಟು ಇಟ್ಟು ನೋಡಿದರು. ತಕ್ಕಡಿ ಸರಿಯಿತ್ತು. ವಕೀಲರು ಮೇಸ್ತ್ರಿಗೆ ಫೋನು ಮಾಡಿದರು. ಎಪ್ಪತ್ತರ ಹತ್ತಿರದ ಮುದುಕ ಹಬ್ಬದ ದಿನವಾದರೂ ಮೊಮ್ಮಗನ ಸ್ಕೂಟರಿನಲ್ಲಿ ಹಿಂದೆ ಕುಳಿತು ಬಂದರು. ವಾಲ್ವಿನ ತಲೆಗೆ ಸೋಪಿನ ನೊರೆ ಹಚ್ಚಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ವಾಲ್ವಿನ ಬುಡದಲ್ಲಿ ಸಾಸಿವೆಕಾಳಿನಷ್ಟು ಗುಳ್ಳೆಯೊಂದು ನಿಧಾನವಾಗಿ ಎದ್ದಿತು. ಜೇಬಿನಿಂದ ಹಿತ್ತಾಳೆಯ ಮುಚ್ಚಳವೊಂದನ್ನು ತೆಗೆದು, ಒಳಗೆ ಹೊಸ ವಾಷರು ಕೂರಿಸಿ ತಿರುಪಿ ಬಿಗಿ ಮಾಡಿದರು. ಮತ್ತೆ ನೊರೆ ಹಚ್ಚಿದರು. ಹೂವಿನ ಬುಟ್ಟಿಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟು ಮೂವರೂ ನೋಡುತ್ತ ನಿಂತರು.